ಕಪ್ಪು ಟೊಪ್ಪಿಯ ಅಣಬೆ ತಿನ್ನಬೇಡಿ

ಅತ್ತೆ,

ತಿಥಿಗೆ ಬಂದ ನೆಂಟರೆಲ್ಲ ನಿನ್ನೆ ಹೋದರು. ಇವತ್ತು ಬೆಳಗ್ಗೆಯೇ ನೀವು ಹೊಲದಿಂದ ಕಪ್ಪು ಟೊಪ್ಪಿಯ ಅಣಬೆ ತಂದಿರಿ.

ನನ್ನ ಕಾಲಿನಿಂದ ತೆಗೆಸಿದ ಕಾಲುಂಗುರವನ್ನು ಅದರ ಜೊತೆ ಕುದಿಸಿ, "ಬೆಳ್ಳಿ ಕಪ್ಪಾಗ್ಲಿಲ್ಲ, ವಿಷ ಇಲ್ಲ ಕಣೆ" ಅಂದಿರಿ. ಉಂಗುರಕ್ಕೊಂದು ಕೆಲಸ ಸಿಕ್ಕಿತು, ಸರಿ. ಆದರೆ ವಿಷವಿದ್ದರೂ ಬೆಳ್ಳಿ ಕಪ್ಪಾಗುವುದಿಲ್ಲ.

ನೀವು ಸ್ನಾನಕ್ಕೆ ಹೋದಾಗ ಕುದಿಸಿದ್ದನ್ನು ಗುಂಡಿಗೆ ಸುರಿದು ಮುಚ್ಚಿದೆ. ಉಳಿದ ಒಂದನ್ನು ಬಿಳಿ ಹಾಳೆಯ ಮೇಲೆ ಇಟ್ಟು ಬಟ್ಟಲು ಬೋರಲು ಹಾಕಿದ್ದೇನೆ. ಉದುರುವ ಪುಡಿಯ ಬಣ್ಣ ನೋಡಿದರೆ ಯಾವ ಜಾತಿಯದೆಂದು ತಿಳಿಯಬಹುದು. ತಿಳಿಯದಿದ್ದರೆ, ಓದಿದ ಸೊಸೆ ದಂಡ ಎಂದು ಪಕ್ಕದ ಮನೆಯ ಜಯಕ್ಕನಿಗೆ ಹೇಳಿ. ಅಣಬೆ ಮಾತ್ರ ತಿನ್ನಬೇಡಿ.

ನಿಮ್ಮ ಮಗ ಹೋದ ಮೇಲೆ ಈ ಮನೆಯಲ್ಲಿ ಉಳಿದಿರುವುದು ನಾವಿಬ್ಬರೇ. ರೊಟ್ಟಿ, ಶೇಂಗಾ ಚಟ್ನಿ ಮಾಡಿಟ್ಟಿದ್ದೇನೆ.

ಅವರು ಗೆಳೆಯ ಚಂದ್ರಣ್ಣನಿಂದ ಎರವಲು ತಂದಿದ್ದ ಛತ್ರಿ ಕೊಟ್ಟು ಬರಲು ಪರಶುರಾಂಪುರಕ್ಕೆ ಹೊರಟಿದ್ದೇನೆ. ಬರುವಾಗ ಮಳೆ ಹಿಡಿದರೆ ನೆನೆದೇ ಬರುತ್ತೇನೆ, ಬೈಯಬೇಡಿ.

ಸ್ವಪ್ನ