ಮಡಿವಾಳಪ್ಪ ಮುಟ್ಟದ ಕಿವಿ

ಸೂರುನಗರ,
ಫಾಲ್ಗುಣದ ಮೂವತ್ತೇಳನೆಯ ದಿನ, ೨೩೮೭

‘ಏಳನೆಯ ನೌಕೆ’ ಧಾರಾವಾಹಿಯ ಮೊದಲ ಪ್ರೇಕ್ಷಕರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳುಗಳು ಉದ್ದವಾಗಿವೆ. ನಿಮ್ಮ ಕನ್ನಡವನ್ನು ನಾನು ಹಳೆಯ ಕಂತುಗಳನ್ನು ನೋಡಿ ಕಲಿತವಳು. ಎಲ್ಲಾದರೂ ನೌಕೆಯ ಕ್ಯಾಪ್ಟನ್ ಅಪ್ಪಣೆ ಕೊಟ್ಟಂತೆ ಕೇಳಿಸಿದರೆ ಕ್ಷಮಿಸಿ. ಇದು ಹಿಂದಂಚೆಯ ಕಾಗದ, ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಾಳೆ. ನನ್ನ ಹೆಸರು ನೀಲವ್ವ ಕಡ್ಲಿಮಟ್ಟಿ. ನನ್ನ ಹಾಳೆಯನ್ನು ಒಂದು ಕಿವಿಯ ಸಲುವಾಗಿ ಖರ್ಚು ಮಾಡುತ್ತಿದ್ದೇನೆ.

ನಿಮ್ಮ ಧಾರಾವಾಹಿ ಇನ್ನೂ ನಿಂತಿಲ್ಲ. ನಮ್ಮ ಊರಿಗೆ ಆಕಾಶವಿಲ್ಲ, ಸೂರಿದೆ. ಪ್ರತಿ ಸೋಮವಾರ ಮಧ್ಯಾಹ್ನ ಆ ಸೂರಿನ ಮೇಲೇ ಚಿತ್ರ ಬಿಡುತ್ತಾರೆ. ಜನ ಬೀದಿಯಲ್ಲಿ ಜಮಖಾನ ಹಾಸಿ, ಅಂಗಾತ ಮಲಗಿ, ಎದೆಯ ಮೇಲೆ ರೊಟ್ಟಿ ಇಟ್ಟುಕೊಂಡು ನೋಡುತ್ತಾರೆ. ಚಟ್ನಿ ಕಣ್ಣಿಗೆ ಬೀಳುವುದೂ ಉಂಟು. ಕ್ಯಾಪ್ಟನ್ ರೋಹಿತಾಶ್ವನ ಪಾತ್ರವನ್ನು ಈವರೆಗೆ ಹನ್ನೊಂದು ಮಂದಿ ಮಾಡಿದ್ದಾರೆ. ಹಳೆಯ ಕಂತುಗಳನ್ನು ಕಾಪಾಡುವ ಉಳಿಕೆಮನೆಯಲ್ಲಿ ಒಂದು ಪಾತ್ರಕ್ಕೆ ಹತ್ತು ಮಂದಿಗೆ ಮಾತ್ರ ಜಾಗ. ಹನ್ನೊಂದನೆಯವನು ನನ್ನ ಗಂಡ ಮಡಿವಾಳಪ್ಪ. ಶ್ರಾವಣದಲ್ಲಿ ತೀರಿಕೊಂಡ.

ಹತ್ತು ಮೀರಿದ ಮೇಲೆ ಒಬ್ಬ ನಟ ಹೋದಾಗ ಮೂವರು ತೂಕದವರು ಕೂತು ಆ ಪಾತ್ರ ಮಾಡಿದ ಎಲ್ಲರ ಅಭಿನಯವನ್ನು ಹೋಲಿಸುತ್ತಾರೆ. ಅತಿ ಕಡಿಮೆ ತೂಗಿದವರ ಕಂತುಗಳನ್ನು ಅಳಿಸುತ್ತಾರೆ. ಮೂವರಲ್ಲಿ ಒಬ್ಬರು ಸತ್ತವರ ಮನೆಯವರೇ ಆಗಿರಬೇಕು. ಮನೆಯವರಷ್ಟು ಕಠಿಣವಾಗಿ ಬೇರೆ ಯಾರೂ ತೂಗುವುದಿಲ್ಲ ಎಂಬುದು ನಮ್ಮವರ ನಂಬಿಕೆ. ನಿಜವೇ ಇರಬೇಕು.

ತೂಗುವುದು ವರ್ಷ ವರ್ಷವೂ ಮತ್ತೆ ಆಡುವ ಬೀಳ್ಕೊಡುಗೆಯ ದೃಶ್ಯವನ್ನು. ನಿಮಗೆ ಅದು ಗೊತ್ತಿದೆ: ಸಣ್ಣ ದೋಣಿಯೊಂದು ನೌಕೆಯನ್ನು ಬಿಟ್ಟು ಹೊರಟಿದೆ, ಮರಳುವುದಿಲ್ಲ. ಮೊದಲ ರೋಹಿತಾಶ್ವ, ನಿಮ್ಮ ಹಾಲಸ್ವಾಮಿ, ಕಿಟಕಿಯ ಬಳಿ ನಿಂತು, ಬಲಗಿವಿಯನ್ನು ಎರಡು ಬೆರಳಿನಿಂದ ಒತ್ತಿ, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ‘ಹೋಗಿ ಬನ್ನಿ’ ಎನ್ನುತ್ತಾರೆ. ಆ ಮೌನದಲ್ಲಿ ಅವರ ಕಣ್ಣು ಏನನ್ನೋ ಹುಡುಕುತ್ತದೆ. ಮೂರನೆಯವಳು ಚಂಪಾಬಾಯಿ ಅದೇ ಕಿವಿ ಒತ್ತಿದಳು, ಆದರೆ ಓಲೆ ಸರಿಮಾಡಿಕೊಂಡಂತೆ ಕಂಡಿತು. ಐದನೆಯವನದು ದೊಡ್ಡ ಗಂಟಲು. ದೋಣಿ ಅವನ ಕೂಗಿಗೇ ಓಡಿಹೋಯಿತು ಎಂದು ಜನ ಆಡಿಕೊಳ್ಳುತ್ತಿದ್ದರು. ಎಂಟನೆಯವನು ಕಿವಿ ಮುಟ್ಟುವ ಮೊದಲೇ ಅತ್ತುಬಿಟ್ಟ. ಆದರೂ ಆ ಹತ್ತೂ ಮಂದಿ ಮುಟ್ಟಿದರು. ಕಿವಿ ಮುಟ್ಟದವನು ರೋಹಿತಾಶ್ವನೇ ಅಲ್ಲ ಎನ್ನುವ ಮಟ್ಟಿಗೆ ಅದು ಬೆಳೆಯಿತು.

ಮಡಿವಾಳಪ್ಪ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ನೀರಿನ ಕೊಡದ ಮುಂದೆ ನಿಂತು ದೃಶ್ಯವನ್ನು ಅಭ್ಯಾಸ ಮಾಡುತ್ತಿದ್ದ. ಕೈ ಇಳಿಬಿಟ್ಟು, ಸುಮ್ಮನೆ ನೋಡಿ, ಬೀಳ್ಕೊಡುತ್ತಿದ್ದ. ಕೊಡ ತುಂಬಿಸಲು ನಾನು ಕಾಯಬೇಕಾಗುತ್ತಿತ್ತು. ಕಿವಿ ಮುಟ್ಟು ಎಂದು ಎಷ್ಟು ಹೇಳಿದರೂ ಅವನದು ಒಂದೇ ಮಾತು: “ಆ ಮೊದಲಿನಂವಗ ಏನೋ ಕೇಳಸ್ತಿರಬೇಕು, ಮುಟ್ಟಕೊಂಡಾನ. ನನಗೇನೂ ಕೇಳಸವಲ್ದು ನೀಲಾ, ಸುಳ್ಳ ಯಾಕ ಮುಟ್ಟಕೊಳ್ಳಲಿ?”

ಹಿತ್ತಲ ಗಿಡ ಮದ್ದಲ್ಲ. ಮನೆಯವಳಾಗಿ ತೂಗಲು ಕೂತ ನಾನು ಅಂಕಪಟ್ಟಿಯ ಕಿವಿಯ ಸಾಲಿನಲ್ಲಿ ಅವನಿಗೆ ಸೊನ್ನೆ ಹಾಕಿದೆ. ಉಳಿದ ಇಬ್ಬರು ಅರ್ಧ ಕೊಟ್ಟಿದ್ದರು. ನನ್ನ ಸೊನ್ನೆಯಿಂದಲೇ ಅವನು ಎಂಟನೆಯವನಿಗಿಂತ ಕೆಳಗಿಳಿದ.

ಮೊನ್ನೆ ಉಳಿಕೆಮನೆಗೆ ಅವನ ಉಡುಪು ಒಪ್ಪಿಸಲು ಹೋದಾಗ ಮೊದಲ ವರ್ಷದ ಉಡುಪುಗಳ ಪೆಟ್ಟಿಗೆ ತೆರೆದಿತ್ತು. ಹಾಲಸ್ವಾಮಿಯ ಅಂಗಿಯ ಜೇಬಿನಲ್ಲಿ ಒಂದು ಚೀಟಿ. ‘ಸ್ವಾಮಿಗಳಿಗೆ ಮಾತು ನೆನಪಿರುವುದಿಲ್ಲ. ಬಲಗಿವಿಯೊಳಗಿನ ಸ್ಪೀಕರ್ ಸಡಿಲ, ಹೇಳಿಕೊಡುವುದು ಕೇಳಿಸುತ್ತಿಲ್ಲ, ಒತ್ತಿ ಹಿಡಿಯುತ್ತಾರೆ. ನಾಳೆಗೆ ಸರಿಪಡಿಸಿ.’ ಬರೆದವರ ಸಹಿ ಇಲ್ಲ. ಸರಿಪಡಿಸಲೂ ಇಲ್ಲವೆಂದು ಕಾಣುತ್ತದೆ.

ಹಾಲಸ್ವಾಮಿಯ ನಂತರ ಬಂದ ಹತ್ತು ಮಂದಿಯಲ್ಲಿ ಆ ಕಿವಿಯನ್ನು ಅರ್ಥ ಮಾಡಿಕೊಂಡವನು ಮಡಿವಾಳಪ್ಪನೊಬ್ಬನೇ. ನನಗೆ ಅಳು ಬರಲಿಲ್ಲ. ಚೀಟಿಯನ್ನು ಮಡಚಿ ತಂದು ತೂಕದವರಿಗೆ ತೋರಿಸಿದೆ. ಸಹಿಯಿಲ್ಲದ್ದು ಸಾಕ್ಷಿಯಾಗದು ಎಂದರು. ನಿಯಮ ಅದೇ, ಬೇರೆ ಪಾತ್ರಗಳನ್ನು ತೂಗಲು ಕೂತಾಗ ಅದನ್ನು ನಾನೂ ಎರಡು ಸಲ ಬೇರೆಯವರಿಗೆ ಓದಿಹೇಳಿದ್ದೇನೆ. ಸೋಮವಾರ ಬೆಳಿಗ್ಗೆ ಮಡಿವಾಳಪ್ಪನನ್ನು ಅಳಿಸುತ್ತಾರೆ. ಮನೆಯಲ್ಲಿ ಪ್ರತಿ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಅವನ ಮುಖ, ದನಿ, ಇಳಿಬಿಟ್ಟ ಆ ಕೈ ನನ್ನ ನೆನಪಿನಲ್ಲಷ್ಟೇ ಉಳಿಯುತ್ತವೆ. ನನಗೆ ಎಪ್ಪತ್ತೊಂದು.

ಆದ್ದರಿಂದ ಕೇಳುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ಚಿತ್ರೀಕರಣ ನೋಡಿದ್ದರೆ, ಹಾಲಸ್ವಾಮಿ ಮಾತು ಮರೆತು ಕಿವಿ ಒತ್ತಿಕೊಂಡರು ಎಂದು ಒಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ವಾಹಿನಿಗೆ ಕಳಿಸಿ. ನಿಮ್ಮ ಕಾಲದ ಪ್ರೇಕ್ಷಕರ ಕಾಗದಗಳು ಇಲ್ಲಿ ಒಂದು ಕಪಾಟಿನಲ್ಲಿವೆ, ಒಟ್ಟು ನಲವತ್ತೊಂದು. ನೀವು ಬರೆದಿದ್ದರೆ ಅದೂ ಅಲ್ಲೇ ಇರಬೇಕು.

ನಿನ್ನೆ ಎಲ್ಲವನ್ನೂ ಓದಿದೆ. ನಲವತ್ತೊಂದರಲ್ಲೂ ಕಿವಿ ಮುಟ್ಟಿದ್ದನ್ನು ಹೊಗಳಿದ್ದೀರಿ.

ಆದರೂ ಬರೆಯಿರಿ. ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ಎಣಿಸುತ್ತೇನೆ.

ಹೋಗಿ ಬನ್ನಿ.

ನೀಲವ್ವ