ಹದಿನಾರನೆಯ ಎಳೆ

ಹಾಸನ
೧೨ನೆಯ ಡಿಸೆಂಬರ್ ೧೯೪೬

ಪ್ರೀತಿಯ ಶಿಷ್ಯ ಚಿ. ಪುಟ್ಟಸ್ವಾಮಿಗೆ ಚಂದ್ರಶೇಖರಯ್ಯನ ಹಾರೈಕೆಗಳು.

ನೀನು ನಮ್ಮ ಕಾಲೇಜಿಗೇ ಅಧ್ಯಾಪಕನಾಗಿ ಬಂದ ಈ ಆರು ತಿಂಗಳು, ನಾಲ್ವರ ಎದುರು ನಿನ್ನನ್ನು ‘ನೀವು’ ಎನ್ನುವುದನ್ನು ಕಷ್ಟಪಟ್ಟು ರೂಢಿಸಿಕೊಂಡೆ. ಕಾಗದದಲ್ಲಿ ಅದು ಬೇಡ. ನನ್ನ ಕನ್ನಡ ತರಗತಿಯ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗನಿಗೆ ಬರೆಯುತ್ತಿದ್ದೇನೆಂದು ತಿಳಿದುಕೊ.

ಕಣದ ಕೆಲಸವಿದೆಯೆಂದು ರಜೆ ಹಾಕಿ ನಿನ್ನೂರು ಹಳೇಕೋಟೆಗೆ ಹೋದವನು ಅಲ್ಲಿಂದ ವರ್ಗಾವಣೆಯ ಅರ್ಜಿ ಕಳಿಸಿದ್ದೀಯೆ. ಪ್ರಿನ್ಸಿಪಾಲರು ಅದನ್ನು ನನ್ನ ಕೈಗೆ ಕೊಟ್ಟು, ಹಿರಿಯ ಅಧ್ಯಾಪಕನಾದ ನಾನು ಸೋಮವಾರದೊಳಗೆ ಅಭಿಪ್ರಾಯ ಬರೆಯಬೇಕೆಂದಿದ್ದಾರೆ. ‘ಅಭ್ಯಂತರವಿಲ್ಲ’ ಎಂದು ಬರೆದರೆ ಸಾಕು, ಸಂಕ್ರಾಂತಿಯ ಹೊತ್ತಿಗೆ ನೀನು ಬೇರೆ ಊರಿನಲ್ಲಿರುತ್ತೀಯೆ. ಆ ಒಂದು ಮಾತು ಬರೆಯಲು ಮೂರು ಸಲ ಲೇಖನಿಗೆ ಮಸಿ ಅದ್ದಿದೆ. ಮೂರು ಸಲವೂ ಮಸಿ ಒಣಗಿತು.

ಮೊದಲು ನನ್ನ ಮನಸ್ಸಿನ ಕೊಳೆಯನ್ನೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷಗಳಿಂದ ಸಂಜೆಯಾದರೆ ನನ್ನ ಮನೆಯ ಜಗಲಿಯ ಕೆಳಗೆ ವಿದ್ಯಾರ್ಥಿಗಳ ಮೆಟ್ಟುಗಳು ಸಾಲಾಗಿರುತ್ತಿದ್ದವು. ಈ ವರ್ಷ ಅವು ನಿನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಹೋದವು. ವಾಯುಸೇವನೆಯ ನೆಪದಲ್ಲಿ ಆ ಬೀದಿಯಲ್ಲಿ ನಡೆದು ಅವನ್ನು ಎಣಿಸಿದ್ದೇನೆ, ಪುಟ್ಟಸ್ವಾಮಿ. ಒಂದು ದಿನ ಹದಿನೇಳು ಜೊತೆ. ಮನೆಗೆ ಬಂದು ಸುಮ್ಮನೆ ಬಾಗಿಲ ಕಡೆ ನೋಡುತ್ತ ಕುಳಿತಿದ್ದಾಗ ನನ್ನ ಮನೆಯಾಕೆ ಸುವರ್ಣಮ್ಮ, ‘ಯಾರ್‍ನ ಕಾಯ್ತಾ ಕುಂತ್ರಿ? ಅವ್ರೆಲ್ಲಾ ನಿಮ್ ಶಿಷ್ಯನ ಮನೇಲವ್ರೆ. ಶಿಷ್ಯ ಬೆಳೆದ್ರೆ ಗುರುಗೆ ಒಟ್ಟೆ ತುಂಬ್ಬೇಕು, ನಿಮಗ್ಯಾಕೆ ಉರೀತದೆ?’ ಎಂದಳು. ಸಾರಿನಲ್ಲಿ ಉಪ್ಪಿಲ್ಲವೆಂದು ಅವಳ ಮೇಲೆ ರೇಗಿದೆ. ಉಪ್ಪು ಸರಿಯಾಗಿಯೇ ಇತ್ತು.

ಕಾಲೇಜು ಸಂಘದ ದಿನಕ್ಕೆ ಯಾವ ಮನರಂಜನೆ ಇರಬೇಕೆಂದು ಸಮಿತಿ ಸೇರಿದ ದಿನ ನೀನು ಆಡಿದ ಮಾತು ನೆನಪಿದೆಯೆ? ನಾನು ಪೌರಾಣಿಕ ನಾಟಕಗಳ ಪಟ್ಟಿ ಓದಿ ಮುಗಿಸುವ ಮೊದಲೇ ನೀನು ಎದ್ದು ನಿಂತೆ. ‘ನಾಟಕದಲ್ಲಿ ಅನ್ನೆರಡು ಜನ ಆಡ್ತಾರೆ, ಇನ್ನೂರು ಜನ ಕೂತ್ಕಂಡು ನೋಡ್ತಾರೆ ಸಾ. ಅದೂ ಎಂಗೆ? ಹಾಸ್ಟೆಲಿಗೊಂದು ಗುಂಪಾಗಿ. ಪರದೆ ಬಿದ್ಮೇಲೆ ಅದೇ ಗುಂಪಾಗಿ ಎದ್ದೋಯ್ತಾರೆ.’ ಜಾತಿಗೊಂದರಂತೆ ಹಾಸ್ಟೆಲುಗಳಿರುವ ಊರಿನಲ್ಲಿ ಅದು ಸುಳ್ಳಲ್ಲ. ಆದರೆ ಹನ್ನೊಂದು ವರ್ಷ ಆ ಪರದೆಯನ್ನು ಎಳೆದವನ ಎದುರಿಗೆ ನೀನು ಅದನ್ನು ಹೇಳಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಅದು ನನ್ನ ಕಿವಿಯಲ್ಲಿ ಇನ್ನೂ ಇದೆ.

ನೀನು ಆರಿಸಿದ್ದು ಜಡೆ ಕೋಲಾಟ. ಮೇಲಿನಿಂದ ಇಳಿಬಿಟ್ಟ ಹದಿನಾರು ಬಣ್ಣದ ದಾರಗಳು. ಒಬ್ಬೊಬ್ಬನ ಎಡಗೈಯಲ್ಲಿ ಒಂದೊಂದು ತುದಿ, ಬಲಗೈಯಲ್ಲಿ ಕೋಲು. ಎಂಟು ಜನ ಹೀಗೆ, ಎಂಟು ಜನ ಹಾಗೆ ಸುತ್ತುತ್ತ, ಎದುರಾದವನ ಕೋಲಿಗೆ ಕೋಲು ತಾಗಿಸಿ, ಒಬ್ಬನ ದಾರದಡಿ ನುಸುಳಿ ಮುಂದಿನವನ ದಾರದ ಮೇಲೆ ಹಾಯ್ದರೆ ನಡುವೆ ಜಡೆ ಬೆಳೆಯುತ್ತದೆ. ಮೂರು ಹಾಸ್ಟೆಲುಗಳಿಂದಲೂ ಹುಡುಗರನ್ನು ಆರಿಸಿ, ಪಕ್ಕದವನು ಬೇರೆ ಹಾಸ್ಟೆಲಿನವನೇ ಆಗುವಂತೆ ನಿಲ್ಲಿಸಿದೆ. ಒಳ್ಳೆಯ ಯೋಚನೆ. ನನಗೆ ಹೊಳೆಯಲಿಲ್ಲವಲ್ಲಾ ಎಂಬುದೇ ನನ್ನ ಸಂಕಟ.

ಪ್ರಿನ್ಸಿಪಾಲರು ಮೊದಲು ನೋಡಿ ಒಪ್ಪಬೇಕಿದ್ದ ಪರೀಕ್ಷಾ ಪ್ರದರ್ಶನದ ದಿನ ನೀನು ಪ್ರಿನ್ಸಿಪಾಲರನ್ನು ಕರೆತರಲು ಹೋಗಿದ್ದೆ. ನಾಟಕದಲ್ಲಿ ರಾಜನ ಪಾತ್ರಕ್ಕೆ ನಾನು ಗೊತ್ತುಮಾಡಿದ್ದ ಬಸವರಾಜು ನಿನ್ನ ಕೋಲಾಟದಲ್ಲೂ ಇದ್ದ. ನಿಲುವಂಗಿಯ ಅಳತೆಗೆ ದರ್ಜಿ ಕಾದಿದ್ದಾನೆಂದು ಅವನನ್ನು ಆಗ ಕರೆದೆ. ಗಡಿಯಾರ ಕೈಯಲ್ಲಿ ಹಿಡಿದೇ ಬಂದ ಪ್ರಿನ್ಸಿಪಾಲರು ‘ಪ್ರಾರಂಭಿಸಿ’ ಎಂದರು. ನಿನಗೆ ಎಣಿಸಲು ವ್ಯವಧಾನವಿರಲಿಲ್ಲ. ಬಸವರಾಜುವಿನ ಪಕ್ಕದ ನಂಜಪ್ಪ ಅವನದೂ ಸೇರಿ ಎರಡು ದಾರ ಹಿಡಿದು ಹೊರಟ. ಮೂರನೆಯ ಸುತ್ತಿಗೆ ಜಡೆ ಕಗ್ಗಂಟಾಯಿತು. ಪ್ರಿನ್ಸಿಪಾಲರು ನಕ್ಕು, ಇದನ್ನು ನಾಟಕದ ನಡುವೆ ಹಾಸ್ಯಕ್ಕೆ ಇಟ್ಟುಕೊಳ್ಳಿರೆಂದು ಹೇಳಿ ಹೋದರು. ಎಣಿಸದೆ ನಿಲ್ಲಿಸಿದ್ದು ನಿನ್ನದೇ ತಪ್ಪೆಂದು ನೀನು ಎಲ್ಲರೆದುರು ಒಪ್ಪಿಕೊಂಡೆ. ಒಬ್ಬ ಕಡಿಮೆಯಾದರೆ ಜಡೆ ಕೆಡುತ್ತದೆಂಬುದು ಪುಸ್ತಕ ಹಿಡಿದು ಬೆಳೆದ ನನಗೆ ಹೇಗೆ ತಿಳಿದೀತು?

ನೀನು ಹೊರಟುಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಹುಡುಗರು ಚದುರಲಿಲ್ಲ. ಅಂಗಳದಲ್ಲೇ ಕುಳಿತು ಗಂಟು ಬಿಡಿಸತೊಡಗಿದರು. ‘ಕೆಂಪು ದಾರ ಎಳೀಬ್ಯಾಡ ಕಣ್ಲಾ, ನನ್ ಕತ್ತು ಸಿಗಾಕಂಡದೆ!’ ಎಂದು ನಂಜಪ್ಪ ಕೂಗಿದರೆ, ಇನ್ನೊಂದು ಹಾಸ್ಟೆಲಿನವನು ‘ನಿಮ್ ಆಸ್ಟೆಲ್ ಸಾರ್‍ನಲ್ಲಿ ಬ್ಯಾಳೆ ಉಡುಕ್ದಂಗೆ ಉಡುಕ್ಲಾ, ತುದಿ ಸಿಕ್ತದೆ’ ಎಂದ. ಯಾರೋ ಕಡಲೆಪುರಿ ತಂದರು. ಒಂದೇ ಪಂಚೆಯ ಮೇಲೆ ಸುರಿದದ್ದೇ, ಮೂರು ಹಾಸ್ಟೆಲಿನ ಕೈಗಳೂ ಅದರೊಳಗೆ ಇಳಿದವು. ಹನ್ನೊಂದು ನಾಟಕಗಳಲ್ಲಿ ನಾನು ಕಾಣದ ನೋಟ ಅದು, ನಿನ್ನ ಸೋಲಿನಲ್ಲಿ ಕಂಡೆ. ಸಂತೋಷವಾಯಿತೆಂದು ಬರೆಯಬಹುದಿತ್ತು, ಆಗಲಿಲ್ಲ. ನೀನು ಸೋತೂ ಗೆದ್ದೆಯೆಂದು ಎದೆ ಉರಿಯಿತು.

ಆಗ ಬಸವರಾಜು ನನ್ನ ಬಳಿ ಬಂದು ಮೆಲ್ಲಗೆ, ‘ಅಂಗಿ ಅಳತೆ ನಾಳೆ ತಗಬೋದಿತ್ತಲ್ವಾ ಸಾ?’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಈ ವರ್ಷ ನಾಟಕ ಬೇಡ, ಕೋಲಾಟವೇ ಇರಲಿ ಎಂದು ನಿನ್ನೆ ಸಮಿತಿಗೆ ನಾನೇ ತಿಳಿಸಿದೆ. ದಾರಗಳನ್ನು ಬಿಡಿಸಿಯಾಗಿದೆ, ತಾಳ ಹಾಕುವವನಿಲ್ಲ. ‘ಪುಟ್ಟಸ್ವಾಮಿ ಸಾರ್ ಯಾವಾಗ ಬತ್ತಾರೆ?’ ಎಂದು ಹುಡುಗರು ದಿನವೂ ಕೇಳುತ್ತಾರೆ. ಕೇಳಿದಾಗ ಈಗಲೂ ನನಗೆ ಸುಖವೆನಿಸುವುದಿಲ್ಲ. ಆದರೂ ನೀನು ಬರಬೇಕು. ಆ ಹುಡುಗರು ನಮ್ಮಿಬ್ಬರಿಗಿಂತ ದೊಡ್ಡವರಾಗಬೇಕಾದವರು.

ಸುವರ್ಣಮ್ಮ ನಿನ್ನ ತಾಯಿ ದೊಡ್ಡತಾಯಮ್ಮನವರ ಕ್ಷೇಮ ವಿಚಾರಿಸಿದ್ದಾಳೆ.

ನಿನ್ನ ಏಳಿಗೆಯನ್ನು ಬಯಸಲು ಇನ್ನೂ ಕಲಿಯುತ್ತಿರುವ,
ಚಂದ್ರಶೇಖರಯ್ಯ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಒಬ್ಬ ಕಡಿಮೆಯಾದರೆ ಜಡೆ ಕೆಡುತ್ತದೆಂದು ನನಗೆ ತಿಳಿದಿರಲಿಲ್ಲವೆಂದು ಮೇಲೆ ಬರೆದದ್ದು ಸುಳ್ಳು. ದೊಡ್ಡಗದ್ದವಳ್ಳಿಯಲ್ಲಿ ನನ್ನ ಅಜ್ಜ ಚನ್ನಬಸವಯ್ಯನವರು ಜಡೆ ಕೋಲಾಟ ಕಲಿಸುತ್ತಿದ್ದರು. ಎಂಟನೆಯ ವಯಸ್ಸಿನಿಂದ ನಾನೂ ದಾರ ಹಿಡಿದವನು. ಆ ದಿನ ಹದಿನಾರು ಜನರನ್ನೂ ಎಣಿಸಿಯೇ ಬಸವರಾಜುವನ್ನು ಕರೆದೆ. ದರ್ಜಿ ಬಂದೇ ಇರಲಿಲ್ಲ, ಕಾದು ಹಿಂತಿರುಗಿದ ಬಸವರಾಜುವಿಗೂ ಅದು ಗೊತ್ತು. ನಿನ್ನ ಅರ್ಜಿಯ ಮೇಲೆ, ‘ಅಭ್ಯಂತರವಿದೆ, ತಪ್ಪು ಅರ್ಜಿದಾರರದಲ್ಲ, ನನ್ನದು’ ಎಂದು ಈಗ ತಾನೇ ಬರೆದು ರುಜು ಹಾಕಿದ್ದೇನೆ. ನೀನು ಬಂದ ದಿನ ಹುಡುಗರಿಗೂ ಹೇಳುತ್ತೇನೆ. ಹೇಳಿ, ನಾನೇ ಅವರನ್ನು ಎಣಿಸಿ ನಿಲ್ಲಿಸುತ್ತೇನೆ. ಆಮೇಲೆ ನೀನೂ ಒಮ್ಮೆ ಎಣಿಸಿಕೊ.