ಮೋಟು ಪಿಸ್ತೂಲಿಗೆ ಬೇಗ ಉರಿಯುವ ಮದ್ದು

ರೋಂಡಾ,

ಮಾರ್ಚಿನಲ್ಲಿ ನಿನ್ನನ್ನು ಮಣ್ಣು ಮಾಡಿದ ದಿನ, ಹಿಮದ ನೆಪ ಹೇಳಿ ನಿನ್ನ ಊರು ಬ್ಯೂಟ್‌ಗೆ ಬರದೆ ಉಳಿದೆ. ಇವತ್ತು ಅಂಥದೇ ಹಿಮದಲ್ಲಿ ಶೂಟಿಂಗ್ ಕ್ಲಬ್ಬಿಗೆ ಹೋಗಿ, ನೀನು ಮದ್ದು ತುಂಬಿಟ್ಟಿದ್ದ ಗುಂಡುಗಳನ್ನು ಹಾರಿಸಿ ಬಂದೆ. ಅವುಗಳ ಡಬ್ಬಿ ನಮ್ಮ ಗ್ಯಾರೇಜಿನಲ್ಲಿ ಸಿಕ್ಕಿತು.

"ಮೋಟು ಪಿಸ್ತೂಲಿಗೆ ಬೇಗ ಉರಿಯೋ ಮದ್ದು ಬೇಕು, ಅಪ್ಪ. ನಿನ್ನ ನಿಧಾನದ್ದು ಅರ್ಧಕ್ಕರ್ಧ ನಳಿಗೆಯಿಂದ ಆಚೆ ಬಂದು ಉರಿಯುತ್ತೆ" ಎಂದು ನೀನು ಒಮ್ಮೆ ಅಲ್ಲಿ ಅಂದಿದ್ದೆ. "ಹೋಗಿ ಆಲೂಗಡ್ಡೆ ಸುಲಿ" ಎಂದು ನಾನು ಕ್ಲಬ್ಬನ್ನೆಲ್ಲ ನಗಿಸಿದ್ದೆ.

ಇವತ್ತು ನಾನು ತುಂಬಿದ ಗುಂಡು ಹಾರಿಸಿದಾಗ ನಳಿಗೆಯ ತುದಿಯಲ್ಲಿ ಎಂದಿನಂತೆ ಬೆಂಕಿಯ ಚೆಂಡು ಎದ್ದಿತು. ನಿನ್ನದಕ್ಕೆ ಬರೀ ಮಿಣುಕು, ಕೈಗೆ ಬೀಳುವ ಒದೆತವೂ ಕಡಿಮೆ.

"ಯಾರು ತುಂಬಿದ್ದು ಮಾರಾಯ?" ಎಂದ ಗೆಳೆಯ ಡ್ವೇನ್.

ಬೇರೆಯವರು ತುಂಬಿದ ಗುಂಡು ಹಾರಿಸಬಾರದೆಂದು ಅವನಿಗೆ ಕಲಿಸಿದವನೇ ನಾನು. "ನಾನೇ" ಎಂದೆ.

"ಅಕ್ಷರ ಯಾವಾಗ ಇಷ್ಟು ಮುದ್ದಾಯ್ತೋ ನಿಂದು?" ಎನ್ನುತ್ತ ಅವನು ಡಬ್ಬಿಯ ಚೀಟಿಗೆ ಬಗ್ಗಿದ. ಅವನು ಓದುವ ಮೊದಲೇ ಅದನ್ನು ಕಿತ್ತು ಕ್ಲಬ್ಬಿನ ಒಲೆಗೆ ಎಸೆದೆ.

"ನಿನ್ನ ಮಗಳದ್ದಲ್ವಾ?"

"ಅವಳಿಗೆ ಮದ್ದಿನ ಗಂಧಗಾಳೀನೂ ಗೊತ್ತಿರ್ಲಿಲ್ಲ."

ಉಳಿದ ಗುಂಡುಗಳನ್ನೂ ಅಲ್ಲೇ ಹಾರಿಸಿ ಮುಗಿಸಿದೆ. ಯಾವ ಮದ್ದು, ಎಷ್ಟು ಅಳತೆ, ಬರೆದುಕೊಡು ಎಂದು ಡ್ವೇನ್ ಆಗಿನಿಂದ ಎರಡು ಸಲ ಫೋನ್ ಮಾಡಿದ್ದಾನೆ. ಅದು ಇದ್ದದ್ದು ಆ ಚೀಟಿಯಲ್ಲಿ ಮಾತ್ರ.